ಬೇಸಿಗೆ ರಜೆಯ ಮನೆಗೆಲಸ ಮತ್ತು ಭಾಷಾ ಕಲಿಕೆ: ಚಿತ್ತವಾಡ್ಗಿಯ ಸಂದರ್ಭ

ವಿಶೇಷ ಅಗತ್ಯವುಳ್ಳ ಮಕ್ಕಳ ಭಾಷಾ ತರಬೇತಿಯಲ್ಲಿ ಏಪ್ರಿಲ್-ಮೇ ತಿಂಗಳ ರಜೆಯನ್ನು ಖಾಲಿ ಅವಧಿಯೆಂದೇ ಎಣಿಸುವುದು ರೂಢಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿರುವ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಆದರೆ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ. ಹೊಸಪೇಟೆಯ ಚಿತ್ತವಾಡ್ಗಿಯಿಂದ ವಾರಕ್ಕೊಮ್ಮೆ ಹೋಗಿಬರುವ ದೂರವಲ್ಲ ಅದು. ಆದ್ದರಿಂದ ರಜೆಯ ಮನೆಗೆಲಸವು ಯಾವ ವ್ಯಾಕರಣವನ್ನು ಒದಗಿಸಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸಂಡಿಗೆ ಇಡುವುದನ್ನೇ ನೋಡೋಣ. ಹಿಟ್ಟು ಬೇಯುತ್ತದೆ, ಅಜ್ಜಿ ಬೇಯಿಸುತ್ತಾಳೆ. ಸಂಡಿಗೆ ಒಣಗುತ್ತದೆ, ಮಗು ಒಣಗಿಸುತ್ತದೆ. ಅಕರ್ಮಕ ಧಾತುವಿಗೆ ‘ಇಸು’ ಸೇರಿ ಸಕರ್ಮಕವಾಗುವ ಈ ಭೇದವನ್ನು ಚಿತ್ರಪಟದಲ್ಲಿ ತೋರಿಸುವುದು ಕಷ್ಟ. ಪಟದಲ್ಲಿ ಕಾಣುವುದು ಸಂಡಿಗೆ ಮಾತ್ರ. ಕೈಗೆ ಹಿಟ್ಟು ಮೆತ್ತಿಕೊಂಡ ಮಗುವಿಗೆ ಕರ್ತೃ ಯಾರೆಂದು ಹೇಳಿಕೊಡಬೇಕಿಲ್ಲ. ಮರುದಿನ ಮಾಳಿಗೆ ಹತ್ತಿ ಮುಟ್ಟಿ ನೋಡಿದರೆ ‘ಒಣಗಿಲ್ಲ’. ಅದರ ಮರುದಿನ ‘ಒಣಗೈತಿ’. ನಿಷೇಧವೂ ಪೂರ್ಣವರ್ತಮಾನವೂ ಮಗುವಿಗೆ ನಿಜವಾಗಿಯೂ ಉತ್ತರ ಬೇಕಾದ ಪ್ರಶ್ನೆಯ ಬೆನ್ನಿಗೇ ಬರುತ್ತವೆ. ಈ ಸೀಮೆಯ ಬಿಸಿಲಿಗೆ ಸಂಡಿಗೆ ಬೇಗ ಒಣಗುವುದರಿಂದ, ಒಮ್ಮೆಲೇ ಇಡದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಇಡುವುದು ಲೇಸು.

ಹಿರಿಯರು ‘ಇದೇನು? ಅದೇನು?’ ಎಂದು ಪರೀಕ್ಷಿಸುವುದಕ್ಕಿಂತ ಕಾಯುವುದು ಮೇಲು. ಮಗು ‘ಸಂಡಿಗಿ ಒಣಗು’ ಎಂದರೆ ತಿದ್ದದೆ, ‘ಹೌದು, ಸಂಡಿಗಿ ಒಣಗೈತಿ’ ಎಂದು ಪೂರ್ಣರೂಪದಲ್ಲಿ ಮರಳಿಸಬೇಕು. ಮಾತು ಬಾರದ ಮಗು ಬೆರಳು ತೋರಿದರೂ ಅದು ಸರದಿಯೇ.

ಊರಿಗೆ ಹೋಗುವಾಗ ಚತುರ್ಥಿಯ ರೂಪಭೇದಗಳು ಹೀಗೆಯೇ ಒದಗುತ್ತವೆ: ಹೊಲಕ್ಕೆ, ಹಂಪಿಗೆ, ಅಜ್ಜನಿಗೆ. ಸಪ್ತಮಿಯ ವಿಷಯ ಹೆಚ್ಚು ಸೂಕ್ಷ್ಮ. ಇಲ್ಲಿನ ಮನೆಮಾತಿನಲ್ಲಿ ‘ಹೊಲದಾಗ’, ‘ಮನ್ಯಾಗ’ ಸಹಜ ರೂಪಗಳು. ಪಠ್ಯಪುಸ್ತಕದ ‘ಹೊಲದಲ್ಲಿ’ಯನ್ನೇ ಮಾನದಂಡವಾಗಿಟ್ಟರೆ ಉಪಭಾಷೆಯ ವ್ಯತ್ಯಾಸವೇ ದೋಷವಾಗಿ ದಾಖಲಾಗಿ, ಮಗುವಿನ ಹಿನ್ನಡೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೌಲ್ಯಮಾಪನದ ನಮೂನೆಗಳು ಈ ರೂಪಗಳನ್ನು ಸರಿಯುತ್ತರವೆಂದೇ ಒಪ್ಪಬೇಕೆಂಬುದು ನಮ್ಮ ನಿಲುವು.

ತೆಲುಗು, ಉರ್ದು ಮನೆಮಾತಿನ ಪಾಲಕರಿಗೆ ‘ಮಗುವಿನೊಡನೆ ಕನ್ನಡವನ್ನಷ್ಟೇ ಆಡಿ’ ಎಂಬ ಸಲಹೆ ಸಿಗುವುದುಂಟು. ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳು, ದ್ವಿಭಾಷಿಕತೆಯಿಂದ ಹಿನ್ನಡೆ ಹೆಚ್ಚುತ್ತದೆಂಬುದನ್ನು ಸಮರ್ಥಿಸುವುದಿಲ್ಲ. ಅಂಥ ಮನೆಗಳ ಮಾಳಿಗೆಯ ಮೇಲೆ ತೆಲುಗಿನ ‘ಎಂಡು-ಎಂಡಬೆಟ್ಟು’, ಉರ್ದುವಿನ ‘ಸೂಖ್‌ನಾ-ಸುಖಾನಾ’ ಜೋಡಿಗಳೇ ಮೊದಲು ಬರಲಿ.