ಸಂಸ್ಥಾನ ಪ್ರದೇಶದ ವಿದ್ಯಾರ್ಥಿ ಚಳವಳಿಯ ಕಾಗದಪತ್ರಗಳು

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳು ಇಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳು. 1942ರಲ್ಲಿ ಇವು ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದಿತು. ರಬಕವಿಯು ಸಾಂಗಲಿಗೆ ಸೇರಿದ್ದರೆ, ಅದಕ್ಕೆ ಹೊಂದಿಕೊಂಡ ಬನಹಟ್ಟಿಯು ಜಮಖಂಡಿಯದು. ಬೀಳಗಿಯೊಂದೇ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದಿತು. ಆ ಕಾಲದ ವಿದ್ಯಾರ್ಥಿ ಚಳವಳಿಯ ಕಾಗದಪತ್ರಗಳನ್ನರಸುವ ಸಂಶೋಧಕನು ಮೊದಲು ಈ ಗಡಿಗಳನ್ನು ಅರಿತಿರಬೇಕು.

ಎರಡನೆಯ ತೊಡಕು ಹೆಸರಿನದು. ಸಂಸ್ಥಾನಗಳೊಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಕೂಡದೆಂದು 1938ರ ಹರಿಪುರ ಅಧಿವೇಶನವು ನಿರ್ಣಯಿಸಿತು. ಆದಕಾರಣ ಇಲ್ಲಿಯ ಚಟುವಟಿಕೆಯು ಬಹುಮಟ್ಟಿಗೆ ಪ್ರಜಾಪರಿಷತ್ತಿನ ಹೆಸರಿನಲ್ಲಿ ದಾಖಲಾಯಿತು. 'ಕಾಂಗ್ರೆಸ್', 'ವಿದ್ಯಾರ್ಥಿ' ಎಂಬ ಶೀರ್ಷಿಕೆಗಳನ್ನಷ್ಟೇ ಸೂಚಿಯಲ್ಲಿ ನೋಡಿ ಹಿಂತಿರುಗುವವನಿಗೆ ಏನೂ ದೊರೆಯದು. ಮೇಲಾಗಿ ಕಾಲೇಜು ಶಿಕ್ಷಣಕ್ಕೆ ಇಲ್ಲಿಯ ಹುಡುಗರು ಧಾರವಾಡ, ಬೆಳಗಾವಿ, ಸಾಂಗಲಿ, ಪುಣೆಗಳಿಗೆ ಹೋಗುತ್ತಿದ್ದರು. ಕರ್ನಾಟಕ ಕಾಲೇಜು (1917), ವಿಲಿಂಗ್ಡನ್ ಕಾಲೇಜು (1919), ಲಿಂಗರಾಜ ಕಾಲೇಜುಗಳ (1933) ಹಳೆಯ ದಪ್ತರಗಳೂ ಈ ಊರುಗಳ ಇತಿಹಾಸಕ್ಕೆ ಆಕರಗಳೇ.

ಭೂಗತ ಚಳವಳಿಯ ಕರಪತ್ರವು ಓದಿ ಸುಡುವುದಕ್ಕಾಗಿ ಬರೆದುದು. ಮನೆಯಲ್ಲಿ ಇರಿಸಿಕೊಂಡರೆ ಅದೇ ಸಾಕ್ಷ್ಯವಾಗುತ್ತಿದ್ದಿತು. ಆದುದರಿಂದ ಉಳಿದುಬಂದ ಪ್ರತಿಗಳಲ್ಲಿ ಹಲವು ಪೋಲೀಸರು ಜಪ್ತಿ ಮಾಡಿದವು. ಯಾವ ಸರಕಾರವನ್ನು ಕೆಡಹಲು ಬರೆಯಿತೋ ಆ ಸರಕಾರವೇ ಅದನ್ನು ಕಾಪಾಡಿತು! ಆದರೆ ಅದರೊಡನಿರುವ ವರದಿಯನ್ನು ಎಚ್ಚರದಿಂದ ಓದಬೇಕು. ಹದಿನಾರು ವರುಷದ ಹುಡುಗನನ್ನು 'ಮುಖಂಡ'ನೆಂದು ಬರೆದರೆ ಅಧಿಕಾರಿಯ ಕಾರ್ಯಕ್ಕೂ ತೂಕ ಬರುತ್ತದೆಂಬುದನ್ನು ಮರೆಯಲಾಗದು.

ಕಡತಗಳ ಪ್ರಯಾಣವೂ ಸರಳವಲ್ಲ. ದಕ್ಷಿಣದ ಈ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಬಂದಿತು. ನೆಲ ಬಂದಿತೆಂದು ಕಾಗದವೆಲ್ಲ ಹಿಂದೆಯೇ ಬರಲಿಲ್ಲ. ಮುಂಬಯಿ, ಪುಣೆ, ಕೊಲ್ಹಾಪುರದ ಪತ್ರಾಗಾರಗಳನ್ನೂ, ಬ್ರಿಟಿಷ್ ರಾಜಕೀಯ ಇಲಾಖೆಯ ಪತ್ರಗಳಿಗಾಗಿ ದಿಲ್ಲಿ, ಲಂಡನ್ನುಗಳನ್ನೂ ನೋಡಬೇಕಾಗುತ್ತದೆ. ಸಂಸ್ಥಾನಗಳ ಹಳೆಯ ದಪ್ತರವು ಮರಾಠಿ ಭಾಷೆ, ಮೋಡಿ ಲಿಪಿಯಲ್ಲಿರುವುದರಿಂದ ಕನ್ನಡ ಸಂಶೋಧಕನು ಮೋಡಿಯನ್ನು ಕಲಿಯದೆ ಗತ್ಯಂತರವಿಲ್ಲ.

ಇದು ಕೇವಲ ವಿದ್ವಾಂಸರ ಕುತೂಹಲದ ವಿಷಯವಲ್ಲ. 1972ರಲ್ಲಿ ಕೇಂದ್ರ ಸರಕಾರವು ಸ್ವಾತಂತ್ರ್ಯಯೋಧರಿಗೆ ನಿವೃತ್ತಿವೇತನವನ್ನು ಆರಂಭಿಸಿದಾಗ, ಸಾಮಾನ್ಯ ಅರ್ಹತೆಯು ಕನಿಷ್ಠ ಆರು ತಿಂಗಳ ಸೆರೆವಾಸವಾಗಿದ್ದಿತು. ಭೂಗತರಾಗಿದ್ದವರಿಗೂ ಅವಕಾಶವಿದ್ದಿತು, ಆದರೆ ದಾಖಲೆ ಬೇಕು. ಮೆರವಣಿಗೆಗೆ ಹೋಗಿ ಶಾಲೆಯಿಂದ ಹೊರಹಾಕಲ್ಪಟ್ಟು, ಓದನ್ನು ಅಲ್ಲಿಗೇ ಬಿಟ್ಟು ಮಗ್ಗಕ್ಕೋ ಹೊಲಕ್ಕೋ ಮರಳಿದ ಹುಡುಗನ ಬಳಿ ಜೈಲಿನ ಪ್ರಮಾಣಪತ್ರವೆಲ್ಲಿಯದು? ಅಂಥವನ ಗುರುತು ಇದ್ದರೆ ಅದು ಶಾಲೆಯ ಜನರಲ್ ರಜಿಸ್ಟರಿನಲ್ಲಿ, 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣದ ಒಂದು ಸಾಲಿನಲ್ಲಿ. 1942 ಮತ್ತು 1947ರ ಪುಟಗಳಲ್ಲಿ ಶಾಲೆ ಬಿಟ್ಟ ದಿನಾಂಕಗಳು ಆಗಸ್ಟಿನಿಂದೀಚೆಗೆ ಗುಂಪುಗೂಡಿವೆಯೇ ಎಂಬುದನ್ನು ಪರೀಕ್ಷಿಸಬೇಕು. ಈ ರಜಿಸ್ಟರುಗಳು ಯಾವ ಪತ್ರಾಗಾರದ ಸೂಚಿಯಲ್ಲಿಯೂ ಕಾಣುವಂಥವಲ್ಲ. ಗೆದ್ದಲು ಹಿಡಿಯುವ ಮುನ್ನ ಆಯಾ ಊರಿನ ಶಾಲೆಗೇ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಪುಟ ಪುಟವಾಗಿ ನಕಲು ಮಾಡಿಕೊಳ್ಳಬೇಕು.