ಮೂರು ಹೆಸರಿನ ಊರು

ಯೂರೋಪು ಖಂಡದ ಆಲ್ಪ್ಸ್ ಪರ್ವತಶ್ರೇಣಿಯ ದಕ್ಷಿಣದ ಮಗ್ಗುಲಲ್ಲಿ, ಇಟಲಿ ದೇಶದ ಉತ್ತರ ಭಾಗದಲ್ಲಿ, ಡೊಲೊಮೈಟ್ ಎಂಬ ನಸುಬಿಳುಪಿನ ಶಿಲೆಯ ಬೆಟ್ಟಗಳಿವೆ. ಸಂಜೆಯ ಬಿಸಿಲು ತಾಕಿದಾಗ ಅವು ಕೆಂಪೇರಿ ಹೊಳೆಯುವವು. ಆ ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯೊಂದರಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಅಡಿಗಳ ಎತ್ತರದಲ್ಲಿ, ಐದು ಸಾವಿರಕ್ಕಿಂತ ಕಡಮೆ ಜನರಿರುವ ಒಂದು ಪುಟ್ಟ ಪಟ್ಟಣವುಂಟು. ಊರು ಚಿಕ್ಕದಾದರೂ ಅದಕ್ಕೆ ಹೆಸರುಗಳು ಮೂರು. ಇಟಾಲಿಯನ್ನರು ಅದನ್ನು ಒರ್ತಿಸೇಯಿ ಎನ್ನುವರು. ಜರ್ಮನ್ ಭಾಷಿಕರು ಸಾಂಕ್ಟ್ ಉಲ್ರಿಖ್ ಎನ್ನುವರು. ಊರಿನವರು ತಮ್ಮ ಮನೆಮಾತಿನಲ್ಲಿ ಉರ್ತಿಜೇಯಿ ಎನ್ನುವರು. ತುರಚೆ ಗಿಡಗಳ ತಾಣವೆಂಬ ಅರ್ಥದ ಲ್ಯಾಟಿನ್ ಪದದಿಂದ ಈ ಕೊನೆಯ ಹೆಸರು ಬಂದಿತೆಂದು ಹೇಳುತ್ತಾರೆ. ಮೂರು ಹೆಸರುಗಳಲ್ಲಿಯೇ ಊರಿನ ಚರಿತ್ರೆ ಅಡಗಿದೆ.

ಆ ಮನೆಮಾತಿಗೆ ಲಾದಿನ್ ಎಂದು ಹೆಸರು. ಕ್ರಿಸ್ತಪೂರ್ವ 15ರಲ್ಲಿ ರೋಮನ್ನರು ಈ ಪರ್ವತಪ್ರದೇಶವನ್ನು ಗೆದ್ದುಕೊಂಡರು. ಅವರೊಡನೆ ಬಂದ ಆಡುಮಾತಿನ ಲ್ಯಾಟಿನ್ ಗುಡ್ಡಗಾಡಿನ ಜನರ ನಾಲಗೆಯಲ್ಲಿ ಬೇರೆಯೇ ರೂಪವನ್ನು ತಾಳಿತು. ಕಾಲಾನಂತರದಲ್ಲಿ ಉತ್ತರದಿಂದ ಜರ್ಮನ್ ಭಾಷೆಯೂ ದಕ್ಷಿಣದಿಂದ ಇಟಾಲಿಯನ್ ಭಾಷೆಯೂ ಹಬ್ಬಿದರೂ ಎತ್ತರದ ಕಣಿವೆಗಳಲ್ಲಿ ಆ ಹಳೆಯ ನುಡಿ ಉಳಿದುಕೊಂಡಿತು. ನೀರಿಗೆ ಲ್ಯಾಟಿನಿನಲ್ಲಿ ‘ಅಕ್ವಾ’, ಲಾದಿನಿನಲ್ಲಿ ‘ಎಗ’, ಜರ್ಮನಿನಲ್ಲಿ ‘ವಾಸರ್’. ಇಂದು ಐದು ಕಣಿವೆಗಳಲ್ಲಿ ಒಟ್ಟು ಸುಮಾರು 30,000 ಮಂದಿ ಮಾತ್ರ ಈ ಭಾಷೆಯನ್ನಾಡುತ್ತಾರೆ.

ಇಲ್ಲಿಯ ಚಳಿಗಾಲ ದೀರ್ಘವಾದುದು. ಹೊಲಗದ್ದೆಗಳು ಹಿಮದಡಿಯಲ್ಲಿ ಮುಚ್ಚಿಹೋಗುವವು. ಕೈಗೆ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ರೈತರು ಕಾಡಿನ ಪೈನ್ ಮರವನ್ನು ಕೆತ್ತತೊಡಗಿದರು. ಹದಿನೇಳನೆಯ ಶತಮಾನದಲ್ಲಿ ಮೊದಲಾದ ಈ ಕಸಬು ಕ್ರಮೇಣ ಊರಿನ ಅನ್ನವಾಯಿತು. ಇಗರ್ಜಿಗಳಿಗೆ ಸಂತರ ಪ್ರತಿಮೆಗಳನ್ನೂ ಮಕ್ಕಳಿಗೆ ಬೊಂಬೆಗಳನ್ನೂ ಕೆತ್ತಿ ಇವರು ದೂರದೇಶಗಳಿಗೆ ಮಾರಿದರು. 1856ರಲ್ಲಿ ಕಣಿವೆಗೆ ಗಾಡಿರಸ್ತೆಯಾದ ಮೇಲೆ ವ್ಯಾಪಾರವು ಇನ್ನಷ್ಟು ಬೆಳೆಯಿತು. 1873ರಲ್ಲಿ ತಮ್ಮ ಪ್ರವಾಸಗ್ರಂಥವನ್ನು ಪ್ರಕಟಿಸಿದ ಅಮೇಲಿಯಾ ಎಡ್ವರ್ಡ್ಸ್ ಎಂಬ ಆಂಗ್ಲ ಲೇಖಕಿಯು ಇಲ್ಲಿ ಕಂಡ ಒಬ್ಬ ವೃದ್ಧೆಯ ವಿಷಯವನ್ನು ಬರೆದಿದ್ದಾರೆ. ಆಕೆಗೆ ಬೆಕ್ಕು, ನಾಯಿ, ತೋಳ, ಕುರಿ, ಮೇಕೆ, ಆನೆ ಎಂಬ ಆರು ಪ್ರಾಣಿಗಳನ್ನು ಕೆತ್ತುವುದು ಮಾತ್ರ ಗೊತ್ತಿತ್ತು. ತಾಯಿಯಿಂದ ಕಲಿತುದನ್ನು ಆಕೆ ತನ್ನ ಮೊಮ್ಮಗಳಿಗೂ ಕಲಿಸಿದ್ದಳು. ಆಲ್ಪ್ಸಿನ ಕಾಡಿನಲ್ಲಿ ಆನೆಗಳಿಲ್ಲ. ಆದರೂ ಆ ಮನೆಯಲ್ಲಿ ಆನೆಯು ತಾಯಿಯ ಕೈಯಿಂದ ಮಗಳ ಕೈಗೆ ಬಂದಿತು. ಭಾಷೆಯೂ ಅದೇ ಹಾದಿಯಲ್ಲಿ ಬಂದಿತೆಂದು ನಾವು ತಿಳಿಯಬಹುದು.

ಇಪ್ಪತ್ತನೆಯ ಶತಮಾನವು ಈ ಊರಿಗೆ ಕಷ್ಟವನ್ನು ತಂದಿತು. ಅಲ್ಲಿಯ ತನಕ ಕಣಿವೆಯು ಆಸ್ಟ್ರಿಯದ ಆಳ್ವಿಕೆಯಲ್ಲಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರಷ್ಯದ ಯುದ್ಧಕೈದಿಗಳನ್ನು ದುಡಿಸಿ ಇಲ್ಲಿಗೆ ಒಂದು ಕಿರುರೈಲುಮಾರ್ಗವನ್ನು ಹಾಕಿದರು. 1916ರಲ್ಲಿ ಆರಂಭವಾದ ಆ ರೈಲು 1960ರವರೆಗೆ ಓಡಿತು. ಯುದ್ಧ ಮುಗಿದ ಮೇಲೆ 1919ರ ಒಪ್ಪಂದದಂತೆ ಕಣಿವೆಯು ಇಟಲಿಯ ಪಾಲಾಯಿತು. ಜನರು ಕದಲಲಿಲ್ಲ, ಗಡಿಯೇ ಕದಲಿತು. 1923ರ ಶಾಸನದ ತರುವಾಯ ಶಾಲೆಗಳಲ್ಲಿ ಇಟಾಲಿಯನ್ ಒಂದೇ ಬೋಧನಭಾಷೆಯಾಗತೊಡಗಿತು. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯರ ಸರಕಾರಗಳು, ಜರ್ಮನಿಗೆ ಹೋಗುವಿರೋ ಇಲ್ಲಿಯೇ ಉಳಿಯುವಿರೋ ಆರಿಸಿಕೊಳ್ಳಿರೆಂದು ಜನರನ್ನು ಕೇಳಿದವು. ಈ ಪ್ರಶ್ನೆಯಿಂದ ನೆರೆಹೊರೆಯವರು ಮಾತ್ರವಲ್ಲ, ಒಂದೇ ಮನೆಯವರೂ ಎರಡು ಪಕ್ಷಗಳಾದರು.

ಎರಡನೆಯ ಮಹಾಯುದ್ಧದ ಬಳಿಕ ಮತ್ತೆ ಶಾಲೆಯ ಪ್ರಶ್ನೆ ಎದ್ದಿತು. ಜರ್ಮನ್ ಶಾಲೆ ಬೇಕೆನ್ನುವವರೂ ಇಟಾಲಿಯನ್ ಶಾಲೆ ಬೇಕೆನ್ನುವವರೂ ಇದ್ದರು. 1948ರಲ್ಲಿ ಒಂದು ನಡುದಾರಿ ದೊರೆಯಿತು. ಎರಡು ದೊಡ್ಡ ಭಾಷೆಗಳಿಗೂ ಸಮಾನವಾದ ಪಾಠದ ಅವಧಿ. ಅವುಗಳೊಡನೆ ಲಾದಿನ್ ಕೂಡ ಒಂದು ಪಾಠವಿಷಯ. ಮನೆಮಾತಿಗೆ ವಾರದಲ್ಲಿ ದೊರೆಯುವ ಗಂಟೆಗಳು ಕೆಲವೇ. ಆದರೆ ಮಗುವಿಗೆ ತಿಳಿಯದ ಮಾತನ್ನು ಉಪಾಧ್ಯಾಯರು ಆ ನುಡಿಯಲ್ಲಿಯೇ ವಿವರಿಸಬಹುದು. ಹೀಗೆ ಅದು ಉಳಿದೆರಡು ಭಾಷೆಗಳನ್ನು ಹತ್ತುವ ಮೆಟ್ಟಿಲಾಯಿತು. 1949ರಿಂದ ಲಾದಿನ್ ಪತ್ರಿಕೆಯೊಂದು ಹೊರಡುತ್ತಿದೆ. 1989ರಲ್ಲಿ ಲಾದಿನಿಗೆ ಆಡಳಿತದಲ್ಲಿಯೂ ಮಾನ್ಯತೆ ದೊರೆಯಿತು. 2011ರ ಜನಗಣತಿಯಲ್ಲಿ ಈ ಪಟ್ಟಣದ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ತಾವು ಲಾದಿನ್ ಸಮುದಾಯದವರೆಂದು ಬರೆಯಿಸಿದರು.

ಈಗ ಇಲ್ಲಿ ಪ್ರವಾಸಿಗಳ ದಟ್ಟಣೆ ಹೆಚ್ಚು. ಹಿಮದ ಮೇಲೆ ಜಾರುವ ಆಟದ ವಿಶ್ವಪಂದ್ಯಗಳು 1970ರಲ್ಲಿ ಈ ಕಣಿವೆಯಲ್ಲಿ ನಡೆದವು. ಬೊಂಬೆಗಿಂತಲೂ ಹೋಟೆಲಿನಿಂದಲೇ ಹೆಚ್ಚು ಜನರು ಜೀವಿಸುತ್ತಾರೆ. ಅತಿಥಿಯೊಡನೆ ಜರ್ಮನಿನಲ್ಲಿಯೋ ಇಟಾಲಿಯನಿನಲ್ಲಿಯೋ ವ್ಯವಹರಿಸಿದವನು ಮನೆಗೆ ಬಂದು ಲಾದಿನಿನಲ್ಲಿ ಮಾತಾಡುತ್ತಾನೆ.

ರಾಜ್ಯದ ಭಾಷೆಯೊಂದು, ಮನೆಯ ಭಾಷೆಯೊಂದು ಆಗಿರುವ ಗಡಿನಾಡಿನ ನಮಗೆ ಈ ಊರು ಅಪರಿಚಿತವೆನಿಸದು. ಅಲ್ಲಿಯ ಮಕ್ಕಳು ಪರರ ಎರಡು ಭಾಷೆಗಳನ್ನು ಚೆನ್ನಾಗಿ ಕಲಿತರು. ಅದಕ್ಕಾಗಿ ತಮ್ಮದನ್ನು ಬಿಡಲಿಲ್ಲ. ಶಾಲೆಯು ಕೊಡುವ ಗಂಟೆಗಳು ಕೆಲವೇ. ಉಳಿದ ಹೊತ್ತೆಲ್ಲವನ್ನೂ ಕೊಟ್ಟವರು ತಾಯಿತಂದೆಗಳು. ವಿದ್ಯಾರ್ಥಿಗಳು ಭೂಪಟವನ್ನು ತೆರೆದು ಈ ಊರನ್ನು ಹುಡುಕಲಿ. ಅದರಲ್ಲಿ ಯಾವ ಹೆಸರೇ ಅಚ್ಚಾಗಿರಲಿ, ಊರಿನವರು ಕರೆಯುವ ಹೆಸರನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಲಿ.