ಹಳೆಯ ಕ್ಯಾಮೆರಾ ಕಿಟ್: ಕಲಿಯುವವರಿಗೆ ಆಗಿಬರುತ್ತದೆಯೇ?

ನಿಕಾನ್ ಡಿ90 ಬಾಡಿ, ಅದರ ಜೊತೆಗೇ ಬಂದ 18-105 ಮಿ.ಮೀ. ಜೂಮ್ ಲೆನ್ಸ್, ಆಮೇಲೆ ಕೊಂಡು ಸೇರಿಸಿದ 50 ಮಿ.ಮೀ. ಲೆನ್ಸ್, ಎರಡು ಬ್ಯಾಟರಿ, ಚಾರ್ಜರ್, ಬಣ್ಣ ಮಾಸಿದ ಬ್ಯಾಗು. ತಾಲ್ಲೂಕು ಕೇಂದ್ರದ ಸ್ಟುಡಿಯೊದವರು ಹೊಸ ಕ್ಯಾಮೆರಾಕ್ಕೆ ಹೋದಾಗಲೋ, ಕೆಲಸದ ಮೇಲೆ ದೂರದೂರಿಗೆ ಹೊರಟವರು ಬೀರು ಖಾಲಿ ಮಾಡುವಾಗಲೋ ಇಂಥ ಕಿಟ್‌ಗಳು ಮಾರಾಟಕ್ಕೆ ಬರುತ್ತವೆ. ಬೆಲೆ ಕೈಗೆಟಕುತ್ತದೆ. ಫೋಟೊಗ್ರಫಿ ಕಲಿಯಬೇಕೆಂದು ಹಂಬಲಿಸುವ ಕಾಲೇಜು ಹುಡುಗಿ, ಮೊದಲ ಸಂಬಳದಲ್ಲಿ ಸ್ವಲ್ಪ ಉಳಿಸಿಕೊಂಡ ಹುಡುಗ, ನಿವೃತ್ತಿಯ ನಂತರ ಹಕ್ಕಿಗಳ ಬೆನ್ನು ಹತ್ತಬೇಕೆಂದಿರುವ ಮೇಷ್ಟ್ರು, ಇವರೆಲ್ಲರಿಗೂ ಅದರ ಮುಂದೆ ಬರುವ ಅನುಮಾನ ಒಂದೇ: ಇಷ್ಟು ಹಳೆಯದು ನನಗೆ ಆದೀತೇ?

ಕ್ಯಾಮೆರಾ ಯಾವ ವರ್ಷದ್ದು ಎಂಬ ಲೆಕ್ಕದಿಂದ ಈ ಅನುಮಾನ ಬಗೆಹರಿಯುವುದಿಲ್ಲ. ನೀವು ಏನನ್ನು ಚಿತ್ರಿಸಬೇಕೆಂದಿದ್ದೀರಿ, ಲೆನ್ಸ್ ಯಾವ ಸ್ಥಿತಿಯಲ್ಲಿದೆ, ಕಿಟ್ಟಿನ ಒಂದೊಂದು ಭಾಗವೂ ಇನ್ನೊಂದರ ಜೊತೆ ಕೆಲಸ ಮಾಡುತ್ತದೆಯೇ ಎಂಬ ಮೂರು ವಿಷಯ ನೋಡಬೇಕು. ಮೂರೂ ಸರಿಯಿದ್ದರೆ ಹದಿನೈದು ವರ್ಷ ದಾಟಿದ ಕ್ಯಾಮೆರಾ ಕೂಡ ಒಳ್ಳೆಯ ಗುರುವಾಗುತ್ತದೆ. ಒಂದು ತಪ್ಪಿದರೂ ಅಗ್ಗದ ಮಾಲು ದುಬಾರಿಯಾಗುತ್ತದೆ.

ಇಷ್ಟೊಂದು ಕಿಟ್ ಎಲ್ಲಿಂದ ಬಂದವು?

ಡಿ90 ಬಂದದ್ದು 2008ರ ಆಗಸ್ಟ್‌ನಲ್ಲಿ. ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಅದೇ. ಆಗ ಅಮೆರಿಕದಲ್ಲಿ ಬರೀ ಬಾಡಿಗೆ ಸುಮಾರು 1000 ಡಾಲರ್ ಬೆಲೆಯಿತ್ತು. ಅದೇ ವರ್ಷ ಪ್ಯಾನಸಾನಿಕ್ ಕಂಪನಿ ಜಿ1 ಎಂಬ ಕ್ಯಾಮೆರಾ ತಂದು, ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಯುಗಕ್ಕೆ ಬಾಗಿಲು ತೆರೆಯಿತು. 2013ರಲ್ಲಿ ಸೋನಿ ಫುಲ್‌ಫ್ರೇಮ್ ಮಿರರ್‌ಲೆಸ್ ತಂದಿತು. 2018ರಲ್ಲಿ ನಿಕಾನ್ ಝಡ್ ಮೌಂಟನ್ನೂ ಕ್ಯಾನನ್ ಆರ್‌ಎಫ್ ಮೌಂಟನ್ನೂ ಹೊರತಂದ ಮೇಲೆ ವೃತ್ತಿಯವರು ಒಬ್ಬೊಬ್ಬರಾಗಿ ಆ ಕಡೆ ಸರಿದರು. ಅವರು ಬಿಟ್ಟುಕೊಟ್ಟ ಡಿಎಸ್‌ಎಲ್‌ಆರ್‌ಗಳೇ ಈಗ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಗಾಜಿನ ಕಪಾಟು ತುಂಬಿವೆ.

ಕಲಿಯುವವರು ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಹುಪಾಲು ಕ್ಯಾಮೆರಾಗಳನ್ನು ಅವುಗಳ ಒಡೆಯರು ಬಿಟ್ಟದ್ದು ಅವು ಕೆಟ್ಟು ಹೋದವೆಂದಲ್ಲ. ವಿಡಿಯೊ, ಓಡುವ ಕಣ್ಣನ್ನೂ ಬೆನ್ನಟ್ಟುವ ಆಟೊಫೋಕಸ್, ಸದ್ದಿಲ್ಲದ ಶಟರ್, ಇವು ಮದುವೆ ಫೋಟೊಗ್ರಾಫರ್‌ಗೆ ಹೊಟ್ಟೆಪಾಡಿನ ಅಗತ್ಯ. ಬೆಳಕನ್ನು ಓದಲು ಕಲಿಯುವವರಿಗೆ ಅವು ಅಷ್ಟು ಅಗತ್ಯವಲ್ಲ.

ಹನ್ನೆರಡು ಮೆಗಾಪಿಕ್ಸೆಲ್ ಸಾಕೇ?

ಫೋನುಗಳ ಜಾಹೀರಾತಿನಲ್ಲಿ 50, 108, 200 ಎಂಬ ಸಂಖ್ಯೆ ನೋಡಿದವರಿಗೆ ಡಿ90ಯ 12.3 ಮೆಗಾಪಿಕ್ಸೆಲ್ ಬಡವಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡೋಣ. ಅದರ ಚಿತ್ರದ ಅಳತೆ 4288 × 2848 ಪಿಕ್ಸೆಲ್. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಸುಮಾರು 14 × 9.5 ಇಂಚಿನ ಪ್ರಿಂಟ್ ಬರುತ್ತದೆ. ಸ್ಪರ್ಧೆಗಳಿಗೆ, ಮನೆಯ ಗೋಡೆಗೆ ಜನ ಮಾಡಿಸುವ 12 × 8 ಇಂಚಿನ ಪ್ರಿಂಟ್ ಅದರೊಳಗೇ ಬಂತು. ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು ಎರಡು ಮೆಗಾಪಿಕ್ಸೆಲ್, 4ಕೆ ಟಿವಿಗೆ ಎಂಟಕ್ಕಿಂತ ಸ್ವಲ್ಪ ಹೆಚ್ಚು.

ಸಂಖ್ಯೆಗಿಂತ ದೊಡ್ಡದು ಸೆನ್ಸರ್‌ನ ವಿಸ್ತಾರ. ಡಿ90ಯ ಸೆನ್ಸರ್ 23.6 × 15.8 ಮಿ.ಮೀ. ಇದೆ. ಫೋನಿನ ಸೆನ್ಸರ್ ಇದರ ಮುಂದೆ ಪುಟ್ಟದು. ಫೋನು ತನ್ನ ಕೊರತೆಯನ್ನು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ, ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತದೆ. ಹಾಗಾಗಿ ಸೂರ್ಯಾಸ್ತ ಫೋನಿನಲ್ಲೇ ಚೆನ್ನಾಗಿ ಬಂತು ಎಂದು ಯಾರಾದರೂ ಹೇಳಿದರೆ ಅದು ನಿಜವೇ. ಆದರೆ ಅಲ್ಲಿ ತೀರ್ಮಾನ ತೆಗೆದುಕೊಂಡದ್ದು ಫೋನು. ಡಿಎಸ್‌ಎಲ್‌ಆರ್‌ನಲ್ಲಿ ಆ ತೀರ್ಮಾನ ನಿಮ್ಮದು, ಅದರಲ್ಲಿ ಆಗುವ ತಪ್ಪೂ ನಿಮ್ಮದು. ಕಲಿಕೆ ಶುರುವಾಗುವುದೇ ಆ ತಪ್ಪಿನಿಂದ.

ಡಿ90ಯ ಮುಂದೊಂದು, ಹಿಂದೊಂದು ಡಯಲ್ ಇವೆ. ಒಂದು ಬೆರಳು ಅಪರ್ಚರ್ ತಿರುಗಿಸುತ್ತದೆ, ಇನ್ನೊಂದು ಶಟರ್ ವೇಗ. ಆರಂಭಿಕರಿಗೆಂದೇ ಮಾಡಿದ ಹೊಸ ಅಗ್ಗದ ಬಾಡಿಗಳಲ್ಲಿ ಎಷ್ಟೋ ಸಲ ಒಂದೇ ಡಯಲ್ ಇರುತ್ತದೆ. ಎರಡು ಡಯಲ್ ಇರುವ ಹಳೆಯ ಮಧ್ಯಮ ದರ್ಜೆಯ ಬಾಡಿ, ಒಂದೇ ಡಯಲ್‌ನ ಹೊಸ ಬಾಡಿಗಿಂತ ಬೇಗ ಕೈ ಪಳಗಿಸುತ್ತದೆ.

ಕಿಟ್ಟಿನ ಜೀವ ಇರುವುದು ಲೆನ್ಸ್‌ನಲ್ಲಿ

ಮೇಲೆ ಹೇಳಿದ ಕಿಟ್ಟಿನಲ್ಲಿ ಅತಿ ಬೆಲೆಯುಳ್ಳ ವಸ್ತು ಯಾವುದು ಎಂದರೆ ನಾನು 50 ಮಿ.ಮೀ. ಎಫ್ 1.8 ಲೆನ್ಸನ್ನು ತೋರಿಸುತ್ತೇನೆ. 18-105 ಜೂಮನ್ನು ಪೂರ್ತಿ ಚಾಚಿದಾಗ ಅದರ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 1.8 ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿ ದಿಗಿಣ ಹಾರುವಾಗ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಜೂಮ್‌ನಲ್ಲಿ ಸೆಕೆಂಡಿನ 15ನೇ ಒಂದು ಭಾಗ ಬೇಕಾಗುವ ಬೆಳಕಿನಲ್ಲಿ ಈ ಲೆನ್ಸಿಗೆ 125ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕಲಾವಿದ ಮಸುಕಾಗುತ್ತಾನೆ, ಎರಡನೆಯದರಲ್ಲಿ ಮುಖವರ್ಣಿಕೆಯ ಗೆರೆಯೂ ನಿಲ್ಲುತ್ತದೆ. ಡಿ90ಯಲ್ಲಿ ಐಎಸ್‌ಒ 1600 ದಾಟಿದರೆ ಚಿತ್ರದಲ್ಲಿ ಕಾಳುಕಾಳು ಎದ್ದು ಕಾಣುವುದರಿಂದ ಇಂಥ ಲೆನ್ಸ್ ಹಳೆಯ ಬಾಡಿಗೆ ದೊಡ್ಡ ಆಸರೆ.

ಬಾಡಿ ಒಂದು ದಿನ ಬದಲಾಗುತ್ತದೆ, ಒಳ್ಳೆಯ ಲೆನ್ಸ್ ಉಳಿಯುತ್ತದೆ. ನಿಕಾನ್ ಎಫ್ ಮೌಂಟ್ 1959ರಿಂದ ಇದೆ, ಕ್ಯಾನನ್ ಇಎಫ್ ಮೌಂಟ್ 1987ರಿಂದ. ಕ್ಯಾನನ್ ಇಎಫ್ ಲೆನ್ಸನ್ನು ಅಡಾಪ್ಟರ್ ಹಾಕಿ ಇಂದಿನ ಮಿರರ್‌ಲೆಸ್ ಬಾಡಿಯಲ್ಲೂ ಆಟೊಫೋಕಸ್ ಸಮೇತ ಬಳಸಬಹುದು.

ಹೊಂದಾಣಿಕೆಯಲ್ಲಿ ಅಡಗಿದ ಗುಂಡಿಗಳು

ಆರಂಭಿಕರು ಹೆಚ್ಚಾಗಿ ಬೀಳುವುದು ಇಲ್ಲಿ. ನಿಕಾನ್‌ನ ಹಳೆಯ 50 ಮಿ.ಮೀ. ಎಫ್ 1.8 ಡಿ ಲೆನ್ಸಿನೊಳಗೆ ಮೋಟರ್ ಇಲ್ಲ, ಅದನ್ನು ತಿರುಗಿಸುವುದು ಬಾಡಿಯ ಮೋಟರ್. ಡಿ90, ಡಿ7000 ಬಾಡಿಗಳಲ್ಲಿ ಆ ಮೋಟರ್ ಇದೆ. ಡಿ3100, ಡಿ5100 ಸಾಲಿನವುಗಳಲ್ಲಿ ಇಲ್ಲ, ಅಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಇದಕ್ಕೆ ತಿರುಗಾಮುರುಗ ಸಮಸ್ಯೆಯೂ ಇದೆ: ಎಎಫ್-ಪಿ ಎಂಬ ಹೊಸ ಬಗೆಯ ನಿಕಾನ್ ಲೆನ್ಸ್ ಡಿ90ಯಲ್ಲಿ ಫೋಕಸ್ಸೇ ಆಗುವುದಿಲ್ಲ. ಫಿಲ್ಮ್ ಕಾಲದ, ನಿಕಾನ್‌ನ ಎಐ ಬಗೆಯ ಮ್ಯಾನ್ಯುಯಲ್ ಲೆನ್ಸ್ ಮನೆಯ ಅಟ್ಟದಲ್ಲಿದ್ದರೆ ಅದು ಡಿ90ಗೆ ಕೂರುತ್ತದೆ, ಆದರೆ ಬೆಳಕಿನ ಮೀಟರ್ ಕೆಲಸ ಮಾಡುವುದಿಲ್ಲ. ಡಿ7000ದಲ್ಲಿ ಮೀಟರ್ ಕೂಡ ಸಿಗುತ್ತದೆ.

ಕ್ಯಾನನ್‌ನಲ್ಲಿ ಬೇರೆಯೇ ಎಚ್ಚರಿಕೆ ಬೇಕು. ಇಎಫ್-ಎಸ್ ಎಂದು ಬರೆದಿರುವ ಲೆನ್ಸ್ 5ಡಿಯಂಥ ಫುಲ್‌ಫ್ರೇಮ್ ಬಾಡಿಗೆ ಕೂರುವುದಿಲ್ಲ. 2005ರ ಮೊದಲ 5ಡಿ ಇಂದಿಗೂ ಮುಖಚಿತ್ರಕ್ಕೆ ಸೊಗಸಾದ ಕ್ಯಾಮೆರಾ, ಆದರೆ ಅದು ಕೇಳುವುದು ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್. ಅದು ಊರಿನ ಮೊಬೈಲ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಡಿ90 ಸಾಮಾನ್ಯ ಎಸ್‌ಡಿ ಕಾರ್ಡ್ ಒಪ್ಪುತ್ತದೆ, ಆದರೆ 32 ಜಿಬಿಗಿಂತ ಹೆಚ್ಚಿನದು ಬೇಡ. ಹಳೆಯ ಬಾಡಿಗಳಲ್ಲಿ ವೈಫೈ ಇರುವುದು ಅಪರೂಪ. ಚಿತ್ರ ಫೋನಿಗೆ ಬರಬೇಕೆಂದರೆ ಫೋನಿಗೆ ಸಿಕ್ಕಿಸುವ ಕಾರ್ಡ್ ರೀಡರ್ ಬೇಕು.

ನಮ್ಮ ಹವೆಯ ಶತ್ರು: ಬೂಷ್ಟು

ಮಲೆನಾಡು, ಕರಾವಳಿಯಲ್ಲಿ ಇದ್ದ ಕ್ಯಾಮೆರಾ ಎಂದರೆ ಮೊದಲು ನೋಡಬೇಕಾದದ್ದು ಶಟರನ್ನಲ್ಲ, ಲೆನ್ಸಿನ ಒಳಗಿನ ಫಂಗಸ್. ನಾಲ್ಕು ತಿಂಗಳ ಮಳೆ, ಕತ್ತಲ ಬೀರು, ಬಳಸದೆ ಮುಚ್ಚಿಟ್ಟ ಚರ್ಮದ ಬ್ಯಾಗು ಮೂರೂ ಸೇರಿದರೆ ಬೂಷ್ಟು ಬೆಳೆಯಲು ಇನ್ನೇನೂ ಬೇಡ. ಲೆನ್ಸಿನ ಎರಡೂ ಬದಿಯ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ನೂಲಿನ ಎಳೆಗಳು ಕವಲೊಡೆದು ಹರಡಿದಂತೆ ಕಂಡರೆ ಅದೇ ಬೂಷ್ಟು. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರಕ್ಕೆ ತೊಂದರೆಯಿಲ್ಲ, ಹೆದರಬೇಡಿ. ಆದರೆ ಬೂಷ್ಟು ಗಾಜಿನ ಲೇಪನವನ್ನು ತಿಂದಿದ್ದರೆ ಎಷ್ಟು ಒರೆಸಿದರೂ ಆ ಗುರುತು ಹೋಗುವುದಿಲ್ಲ. ಎದುರು ಬೆಳಕಿನಲ್ಲಿ ಚಿತ್ರ ಮಂಜು ಮುಸುಕಿದಂತೆ ಬರುತ್ತದೆ. ಮುಂದಿನ ಗಾಜಿನ ಬೂಷ್ಟನ್ನು ರಿಪೇರಿಯವರು ತೆಗೆಯಬಹುದು. ಜೂಮ್‌ನ ನಡುವಿನ ಗಾಜಿಗೆ ಹಬ್ಬಿದ್ದರೆ ಆ ಲೆನ್ಸನ್ನು ಬಿಡುವುದೇ ಮೇಲು.

ಕೊಂಡ ಮೇಲೂ ಈ ಎಚ್ಚರ ಇರಬೇಕು. ಬ್ಯಾಗಿನಿಂದ ಹೊರತೆಗೆದು, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವಾಂಶ ಶೇ 40ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಬಳಸುತ್ತಲೇ ಇರಿ.

ಕೈಗೆ ತೆಗೆದುಕೊಂಡು ನೋಡುವ ಪರೀಕ್ಷೆ

ಡಿ90ಯ ಶಟರನ್ನು ಕಂಪನಿ ಪರೀಕ್ಷಿಸಿದ್ದು ಒಂದು ಲಕ್ಷ ಕ್ಲಿಕ್ಕಿಗೆ, ಡಿ7000ದ್ದು ಒಂದೂವರೆ ಲಕ್ಷಕ್ಕೆ. ಅದು ಗಡುವಲ್ಲ, ಅಂದಾಜು. ಹೆಚ್ಚು ದುಡಿದವೂ ಇವೆ, ಮೊದಲೇ ಕೈಕೊಟ್ಟವೂ ಇವೆ. ಒಂದು ಮದುವೆಗೆ ಎರಡು ಸಾವಿರ ಕ್ಲಿಕ್ ಎಂದಿಟ್ಟುಕೊಂಡರೆ ಐವತ್ತು ಮದುವೆಗೆ ಲಕ್ಷ ತುಂಬಿತು. ಹಾಗಾಗಿ ಸ್ಟುಡಿಯೊ ಕ್ಯಾಮೆರಾಗಿಂತ ಮನೆಯಲ್ಲಿ ಹಬ್ಬಹರಿದಿನಕ್ಕೆ ಬಳಸಿದ್ದರಲ್ಲಿ ಆಯಸ್ಸು ಹೆಚ್ಚು ಉಳಿದಿರುತ್ತದೆ. ನಿಕಾನ್‌ನಲ್ಲಿ ಈ ಲೆಕ್ಕ ಚಿತ್ರದ ಫೈಲಿನಲ್ಲೇ ಬರೆದಿರುತ್ತದೆ. ಒಂದು ಫೋಟೊ ತೆಗೆದು, ಎಕ್ಸಿಫ್ ಮಾಹಿತಿ ತೋರಿಸುವ ತಂತ್ರಾಂಶದಲ್ಲಿ ತೆರೆದರೆ ಸಾಕು. ಕ್ಯಾನನ್‌ನ ಬಹುಪಾಲು ಮಾದರಿಗಳಲ್ಲಿ ಕೇಬಲ್ ಜೋಡಿಸಿ ಬೇರೆ ತಂತ್ರಾಂಶದಿಂದ ನೋಡಬೇಕು.

ಆಮೇಲೆ ಬಿಳಿ ಗೋಡೆಗೋ ಮೋಡವಿಲ್ಲದ ಆಕಾಶಕ್ಕೋ ಎಫ್ 16ರಲ್ಲಿ ಒಂದು ಚಿತ್ರ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಧೂಳನ್ನು ತೆಗೆಯಬಹುದು, ಗೀರನ್ನು ತೆಗೆಯಲಾಗದು. ಲೆನ್ಸ್ ಮುಚ್ಚಿ ಕೆಲವು ಸೆಕೆಂಡಿನ ಚಿತ್ರ ತೆಗೆದರೆ ಕೆಟ್ಟ (ಹಾಟ್) ಪಿಕ್ಸೆಲ್‌ಗಳು ಬಣ್ಣದ ಚುಕ್ಕೆಗಳಾಗಿ ಹೊಳೆಯುತ್ತವೆ. ಹಿಡಿಯ ರಬ್ಬರ್ ಉಬ್ಬಿ ಸಡಿಲವಾಗಿದೆಯೇ, ಲೆನ್ಸ್ ಕೂತ ಜಾಗದಲ್ಲಿ ಅಲ್ಲಾಡುತ್ತದೆಯೇ, ಡಯಲ್ ತಿರುಗಿಸಿದಷ್ಟೇ ಅಂಕೆ ಬದಲಾಗುತ್ತದೆಯೇ, ಬ್ಯಾಟರಿ ಊದಿಕೊಂಡಿದೆಯೇ ನೋಡಿ. ಬಾಡಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿಯೋ ಡಬ್ಬದ ಮೇಲೆಯೋ ಇರುವುದಕ್ಕೆ ಹೊಂದಬೇಕು. ಮಾರುವವರಿಗೆ ಅದನ್ನು ತೋರಿಸಲು ಇಷ್ಟವಿಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕದ್ದ ಮಾಲಿನಲ್ಲಿ ಕಲಿಕೆ ಶುರುವಾಗಬಾರದು.

ಯಾರಿಗೆ ಇದು ಬೇಡ

ರೀಲ್ಸ್, ಕಿರುಚಿತ್ರ, ವ್ಲಾಗ್ ನಿಮ್ಮ ಗುರಿಯಾದರೆ ಈ ಕಿಟ್ ಕೊಳ್ಳಬೇಡಿ. ಡಿ90ಯ ವಿಡಿಯೊ 720ಪಿ, ಒಮ್ಮೆಗೆ ಐದೇ ನಿಮಿಷ. ಚಿತ್ರೀಕರಣ ನಡೆಯುವಾಗ ಆಟೊಫೋಕಸ್ ಕೂಡ ಇಲ್ಲ. ಅದೇ ಹಣಕ್ಕೆ ಒಳ್ಳೆಯ ಮೈಕು, ಟ್ರೈಪಾಡು ಕೊಂಡು ಕೈಯಲ್ಲಿರುವ ಫೋನಿನಲ್ಲೇ ಚಿತ್ರೀಕರಿಸುವುದು ಬುದ್ಧಿವಂತಿಕೆ. ಹಾರುವ ಹಕ್ಕಿಯೇ ಬೇಕೆನ್ನುವವರಿಗೆ 11 ಫೋಕಸ್ ಬಿಂದುಗಳ ಈ ಬಾಡಿ, 105 ಮಿ.ಮೀ.ಗೆ ಮುಗಿಯುವ ಈ ಜೂಮ್ ಬೇಸರ ತರಿಸುತ್ತವೆ. 300 ಮಿ.ಮೀ. ಲೆನ್ಸಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಬೆನ್ನು, ಮಣಿಕಟ್ಟು ನೋವಿರುವವರು ಲೆನ್ಸ್ ಸಮೇತ ಒಂದು ಕಿಲೊ ದಾಟುವ ತೂಕವನ್ನು ಅರ್ಧ ದಿನ ಹೊತ್ತು ನೋಡದೆ ಕೊಳ್ಳಬಾರದು.

ಉಳಿದವರಿಗೆ, ಎಂದರೆ ಮನೆಯವರ ಮುಖ, ಜಾತ್ರೆ, ಸಂತೆ, ಗುಡಿಯ ಕೆತ್ತನೆ, ಗದ್ದೆಯ ಬೆಳಕು, ಕೂತ ಹಕ್ಕಿ ಚಿತ್ರಿಸುವ ಆಸೆಯವರಿಗೆ, ನನ್ನ ಉತ್ತರ ಸ್ಪಷ್ಟ: ಇದು ಆಗಿಬರುತ್ತದೆ. ಮೂಡಿಗೆರೆಯ ಕಾಡಂಚಿನಲ್ಲಿ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ, ಡಿ90 ಬಂದದ್ದು ಮರುವರ್ಷ. ಅವರ ಹಕ್ಕಿಚಿತ್ರಗಳೆಲ್ಲ ಇದಕ್ಕಿಂತ ಹಳೆಯ ಸಲಕರಣೆಯ ಫಲ. ಮೈಸೂರಿನ ಟಿ.ಎಸ್. ಸತ್ಯನ್, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದು ಫಿಲ್ಮ್ ಕಾಲದಲ್ಲಿ, ತೆಗೆದ ಚಿತ್ರ ಹೇಗೆ ಬಂತೆಂದು ನೋಡಲು ರೋಲ್ ತೊಳೆಯುವವರೆಗೆ ಕಾಯಬೇಕಿದ್ದಾಗ. ಈಗ ಕಲಿಯುವವರಿಗೆ ಕ್ಲಿಕ್ಕಿಸಿದ ಮರುಕ್ಷಣ ತಪ್ಪು ಪರದೆಯ ಮೇಲೆ ಕಾಣುತ್ತದೆ. ಅದು ಆ ಹಿರಿಯರಿಗಿಲ್ಲದಿದ್ದ ಸೌಲಭ್ಯ.

ಬೆಲೆ ಮಾತನಾಡುವಾಗ ಹೊಸ ಬ್ಯಾಟರಿ, ಕಾರ್ಡ್, ಸೆನ್ಸರ್ ಕ್ಲೀನಿಂಗ್, ಒಣ ಡಬ್ಬದ ಖರ್ಚನ್ನು ಕೂಡಿಸಿ. ಆ ಮೊತ್ತ ಹೊಸ ಆರಂಭಿಕ ಕ್ಯಾಮೆರಾದ ಅರ್ಧ ಬೆಲೆಗೆ ಹತ್ತಿರ ಬಂದರೆ ಬಿಟ್ಟುಬಿಡಿ. ತುಂಬಾ ಕೆಳಗಿದ್ದರೆ ಎರಡು ದಿನಕ್ಕೆ ಕೇಳಿ ತಂದು, ನೀವು ನಿಜಕ್ಕೂ ಚಿತ್ರಿಸಬೇಕೆಂದಿರುವುದನ್ನೇ ಚಿತ್ರಿಸಿ ನೋಡಿ. ಒಪ್ಪಿಗೆಯಾದರೆ ಕೊಳ್ಳಿ. ಉಳಿದ ಹಣವನ್ನು ಪ್ರಯಾಣಕ್ಕೆ, ಪ್ರಿಂಟಿಗೆ ಇಡಿ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಬಳಗ ನಿಮ್ಮೂರಿನ ಹತ್ತಿರ ಇದ್ದರೆ ಸೇರಿಕೊಳ್ಳಿ, ನಿಮ್ಮ ಚಿತ್ರವನ್ನು ಹಿರಿಯರ ಮುಂದಿಟ್ಟು ಮಾತು ಕೇಳಿ. ಹೀಗೆ ಒಂದು ವರ್ಷ ದುಡಿಸಿದ ಮೇಲೆ ಈ ಬಾಡಿಯಲ್ಲಿ ಏನು ಸಾಲದು ಎಂದು ನೀವೇ ಬೆರಳಿಟ್ಟು ಹೇಳಬಲ್ಲಿರಿ. ಮುಂದಿನ ಕ್ಯಾಮೆರಾಕ್ಕೆ ಹಣ ಹಾಕಬೇಕಾದದ್ದು ಆಗ.